ಪಾಲಿ ಸ್ಟೈರೀನ್ ಅವರ ‘ಟ್ರಾನ್ಸ್‌ಲ್ಯೂಸೆನ್ಸ್’: ಹಳೆಯ ತಟ್ಟೆಗಳ ಸಂಗ್ರಹ ಮತ್ತು ವಿಮರ್ಶೆಯ ಹೊಣೆ

೧

ಒಂದು ಕೃತಿಯ ಯೋಗ್ಯತೆಯನ್ನು ನಿರ್ಣಯಿಸುವವರು ಯಾರು? ಅದು ಹೊರಬಂದ ಕಾಲದ ವಿಮರ್ಶಕರೆ, ಅದನ್ನು ಕೊಂಡ ಅಥವಾ ಕೊಳ್ಳದೆ ಬಿಟ್ಟ ಜನರೆ, ಇಲ್ಲವೆ ಬಹುಕಾಲದ ಮೇಲೆ ಅದನ್ನು ಧೂಳಿನಿಂದ ಮೇಲೆತ್ತಿದ ಯಾವನೋ ಅಪರಿಚಿತ ಸಂಗ್ರಾಹಕನೆ? ಸಾಹಿತ್ಯವನ್ನು ಅಭ್ಯಾಸಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಯಾವುದೋ ಮನೆಯ ಅಟ್ಟದಲ್ಲಿ ಒಂದು ಓಲೆಯ ಕಟ್ಟು ಉಳಿದುಕೊಂಡುದರಿಂದಲೇ ನಮ್ಮ ಕೈಸೇರಿದ ಗ್ರಂಥಗಳುಂಟು. ಆದರೆ ಧ್ವನಿಮುದ್ರಿತ ಸಂಗೀತದ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಸಾಕಷ್ಟು ಗಂಭೀರವಾಗಿ ಕೇಳಿಕೊಂಡಂತೆ ತೋರುವುದಿಲ್ಲ. ಜನಪ್ರಿಯ ಸಂಗೀತವು ಇಂದು ಕೇಳಿ ನಾಳೆ ಮರೆಯತಕ್ಕ ವಸ್ತುವೆಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು.

ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಇಂಗ್ಲೆಂಡಿನ ಪಂಕ್ ಗಾಯಕಿ ಪಾಲಿ ಸ್ಟೈರೀನ್ ಅವರು ತಮ್ಮ ತಂಡವನ್ನು ಬಿಟ್ಟ ಮೇಲೆ ೧೯೮೦ರಲ್ಲಿ ಒಬ್ಬರೇ ಹೊರತಂದ ‘ಟ್ರಾನ್ಸ್‌ಲ್ಯೂಸೆನ್ಸ್’ ಎಂಬ ಆಲ್ಬಂ. ಅದು ಮಾರಾಟದಲ್ಲಿ ಸೋತಿತು. ಕೂಗಿ ಹಾಡುತ್ತಿದ್ದ ಗಾಯಕಿ ಮೆಲುದನಿಯಲ್ಲಿ ಹಾಡಿದರು. ಆದಕಾರಣ ಇದು ಪಂಕ್‌ನಿಂದ ಹಿಮ್ಮೆಟ್ಟಿದ ಕೃತಿ ಎಂಬ ಅಭಿಪ್ರಾಯಕ್ಕೆ ಅವಕಾಶವಾಯಿತು. ಈ ಅಭಿಪ್ರಾಯ ಸರಿಯಲ್ಲವೆಂಬುದು ನಮ್ಮ ಮೊದಲನೆಯ ವಾದ. ಹಳೆಯ ತಟ್ಟೆಗಳನ್ನು ಹುಡುಕಿ ಕೂಡಿಡುವ ಕೆಲಸವು ಕೇವಲ ಹವ್ಯಾಸವಲ್ಲ, ವಿಮರ್ಶೆಯ ಮೊದಲ ಮೆಟ್ಟಿಲು ಎಂಬುದು ಎರಡನೆಯದು. ಇವೆರಡಕ್ಕೂ ನಿಕಟವಾದ ಸಂಬಂಧವಿರುವುದನ್ನು ಮುಂದೆ ತೋರಿಸಲು ಪ್ರಯತ್ನಿಸುತ್ತೇವೆ.

೨

೧೯೭೬–೭೭ರಲ್ಲಿ ಲಂಡನ್ನಿನಲ್ಲಿ ಪ್ರಬಲವಾದ ಪಂಕ್ ಸಂಗೀತವು ದೀರ್ಘವಾದ ಶಿಕ್ಷಣವನ್ನು ಬೇಡಲಿಲ್ಲ. ಗಿಟಾರಿನ ಮೇಲೆ ಎರಡು ಮೂರು ಸ್ವರಗುಂಪುಗಳನ್ನು ಮೀಟಬಲ್ಲವನೂ ವೇದಿಕೆಯನ್ನೇರಬಹುದೆಂಬುದು ಅದರ ಧೈರ್ಯ. ಎರಡು ಮೂರು ನಿಮಿಷಗಳಲ್ಲಿ ಮುಗಿಯುವ ಹಾಡು, ಕರ್ಕಶವಾದ ಗಿಟಾರು, ಕೂಗಿಗೆ ಸಮೀಪವಾದ ಕಂಠ—ಇವು ಅದರ ಹೊರಲಕ್ಷಣಗಳು. ಒಳಲಕ್ಷಣ ಬೇರೆ: ಕೊಟ್ಟ ವೇಷವನ್ನು ತೊಡಲಾರೆ, ಕೊಟ್ಟ ಮಾತನ್ನು ಆಡಲಾರೆ ಎಂಬ ಹಟ ಅದು. ಹೊರಲಕ್ಷಣವನ್ನೇ ಸರ್ವಸ್ವವೆಂದು ತಿಳಿದದ್ದರಿಂದ ಹುಟ್ಟಿದ ತಪ್ಪುಗಳಲ್ಲಿ ನಾವು ಪರಿಶೀಲಿಸುತ್ತಿರುವ ಆಲ್ಬಂನ ಕಥೆಯೂ ಒಂದು.

ಪಾಲಿ ಸ್ಟೈರೀನ್ ಅವರ ನಿಜನಾಮ ಮೇರಿಯನ್ ಜೋನ್ ಎಲಿಯಟ್-ಸೈದ್. ಹುಟ್ಟಿದ್ದು ೧೯೫೭ರ ಜುಲೈ ೩ರಂದು, ಕೆಂಟ್ ಸೀಮೆಯ ಬ್ರಾಮ್ಲಿಯಲ್ಲಿ. ಬೆಳೆದದ್ದು ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ. ತಂದೆ ಸೋಮಾಲಿ ಮೂಲದವರು; ತಾಯಿ ಸ್ಕಾಟಿಷ್-ಐರಿಷ್ ಮನೆತನದವರು. ತಮ್ಮ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ಹೇಸ್ಟಿಂಗ್ಸ್ ಎಂಬ ಕಡಲತಡಿಯ ಊರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಕಚೇರಿಯನ್ನು ಕೇಳಿ, ತಮಗೂ ಒಂದು ತಂಡ ಬೇಕೆಂದು ನಿರ್ಧರಿಸಿದರು. ಹೀಗೆ ಹುಟ್ಟಿದ್ದು ‘ಎಕ್ಸ್-ರೇ ಸ್ಪೆಕ್ಸ್’. ಚೆಲ್ಸಿಯ ಕಿಂಗ್ಸ್ ರೋಡಿನ ಬ್ಯೂಫರ್ಟ್ ಮಾರ್ಕೆಟ್ಟಿನಲ್ಲಿ ಆಕೆಗೆ ಉಡುಪು ಮತ್ತು ಅಲಂಕಾರಸಾಮಗ್ರಿಗಳ ಒಂದು ಪುಟ್ಟ ಮಳಿಗೆಯೂ ಇದ್ದಿತು. ವ್ಯಾಪಾರಗಳ ದೂರವಾಣಿ ಸೂಚಿಯಲ್ಲಿ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ ಮಾತೊಂದನ್ನು ಹುಡುಕಿ ತಮ್ಮ ಹೆಸರನ್ನು ಆರಿಸಿಕೊಂಡುದಾಗಿ ಆಕೆಯೇ ಹೇಳಿಕೊಂಡಿದ್ದಾರೆ. ಬಳಸಿ ಬಿಸಾಡತಕ್ಕ ಬಟ್ಟಲು ಡಬ್ಬಿಗಳನ್ನು ಮಾಡುವ ವಸ್ತುವಿನ ಹೆಸರನ್ನು ಒಬ್ಬ ಗಾಯಕಿ ತನಗೆ ಇಟ್ಟುಕೊಂಡರೆ ಅದು ಬರಿಯ ತಮಾಷೆಯಲ್ಲ. ಗಾಯಕ ಗಾಯಕಿಯರನ್ನು ವಸ್ತುಗಳಂತೆ ಮಾರಿ ಮರೆಯುವ ಉದ್ಯಮದ ಎದುರು ಹಿಡಿದ ಕನ್ನಡಿ ಅದು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಪಂಕ್‌ಗೆ ಕಾಲಿಡುವ ಮೊದಲೇ, ೧೯೭೬ರಲ್ಲಿ, ಈಕೆ ಮಾರಿ ಎಲಿಯಟ್ ಎಂಬ ಹೆಸರಿನಲ್ಲಿ ‘ಸಿಲ್ಲಿ ಬಿಲ್ಲಿ’ ಎಂಬ ಒಂದು ಚಿಕ್ಕ ತಟ್ಟೆಯನ್ನು ಹೊರತಂದಿದ್ದರು. ಅದು ರೆಗೆಯ ಲಯವನ್ನು ಅನುಸರಿಸಿದ ಹಗುರವಾದ ಹಾಡು. ಎಂದರೆ, ೧೯೮೦ರಲ್ಲಿ ಕೇಳಿಬಂದ ಮೃದುತ್ವವು ಆಕೆ ಕಡೆಯಲ್ಲಿ ಹೋಗಿ ಸೇರಿದ ಆಶ್ರಯವಲ್ಲ, ಹೊರಟ ಊರು. ಈ ತಟ್ಟೆಯನ್ನು ಕೇಳದವರಿಗೆ ಈ ಮಾತು ಹೊಳೆಯುವಂತಿಲ್ಲ.

೩

ತಂಡದ ಕೀರ್ತಿ ಬೆಳೆದದ್ದು ೧೯೭೭ ಮತ್ತು ೧೯೭೮ರಲ್ಲಿ. ‘ಓ ಬಾಂಡೇಜ್ ಅಪ್ ಯುವರ್ಸ್!’ ಎಂಬ ಮೊದಲ ತಟ್ಟೆ ೧೯೭೭ರಲ್ಲಿ ಬಂದಿತು. ೧೯೭೮ರ ಏಪ್ರಿಲ್ ೩೦ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ನಡೆದ ದೊಡ್ಡ ಕಚೇರಿಯಲ್ಲಿ ತಂಡವು ಹಾಡಿತು. ಅದೇ ವರ್ಷದ ಕೊನೆಯಲ್ಲಿ ‘ಜರ್ಮ್‌ಫ್ರೀ ಅಡೋಲೆಸೆಂಟ್ಸ್’ ಆಲ್ಬಂ ಹೊರಬಂದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ೩೦ನೆಯ ಸ್ಥಾನಕ್ಕೇರಿತು. ಅದರ ಹೊದಿಕೆಯ ಮೇಲೆ ತಂಡದವರನ್ನು ಪ್ರಯೋಗಶಾಲೆಯ ಗಾಜಿನ ನಳಿಗೆಗಳೊಳಗೆ ನಿಲ್ಲಿಸಿ ತೋರಿಸಲಾಗಿದೆ. ಹಾಡುಗಳ ವಸ್ತುವೂ ಇದಕ್ಕೆ ತಕ್ಕುದೇ: ಪ್ಲಾಸ್ಟಿಕ್ ಚೀಲ, ಅಗ್ಗದ ಅಂಗಡಿಯ ಸಾಮಾನು, ವಂಶವಾಹಿಗಳ ತಿದ್ದುಪಡಿ, ಕನ್ನಡಿಯಲ್ಲಿ ತನ್ನನ್ನೇ ಹುಡುಕುವ ಹುಡುಗಿ. ಆಕೆಯ ವ್ಯಂಗ್ಯದಲ್ಲಿ ಒಂದು ವಿಶೇಷವಿದೆ. ಕೊಳ್ಳುವ ಹುಚ್ಚನ್ನು ಅದು ಹೊರಗೆ ನಿಂತು ಖಂಡಿಸುವುದಿಲ್ಲ. ಆ ಹುಚ್ಚಿನ ಒಳಗೇ ನಿಂತು, ಅದರ ಬಣ್ಣಗಳಿಗೆ ಮರುಳಾಗುತ್ತಲೇ, ಅದರ ಭಯವನ್ನು ಹೇಳುತ್ತದೆ.

ಈ ಆಲ್ಬಂನ ಎರಡು ಅಂಶಗಳು ನಮ್ಮ ವಾದಕ್ಕೆ ಮುಖ್ಯವಾದವು. ಮೊದಲನೆಯದಾಗಿ, ಹೆಸರುಹಾಡಾದ ‘ಜರ್ಮ್ ಫ್ರೀ ಅಡೋಲೆಸೆಂಟ್ಸ್’ ವೇಗದ ಹಾಡಲ್ಲ, ವಿಳಂಬಗತಿಯದು. ಶುಚಿತ್ವದ ಗೀಳನ್ನು ಕುರಿತು ಅದು ಸಾವಧಾನವಾಗಿ, ಬಹುಮಟ್ಟಿಗೆ ಕರುಣೆಯಿಂದ ಹಾಡುತ್ತದೆ. ತಂಡದ ಬಿಡಿ ತಟ್ಟೆಗಳಲ್ಲಿ ಎಲ್ಲಕ್ಕಿಂತ ಮೇಲಕ್ಕೆ, ೧೯ನೆಯ ಸ್ಥಾನಕ್ಕೆ, ಏರಿದ್ದು ಇದೇ. ಎರಡನೆಯದಾಗಿ, ಗಿಟಾರುಗಳ ಗುಂಪಿನಲ್ಲಿ ಸ್ಯಾಕ್ಸಫೋನ್ ವಾದ್ಯಕ್ಕೆ ಈ ತಂಡ ಪ್ರಧಾನವಾದ ಸ್ಥಾನ ಕೊಟ್ಟಿತು. ಕಂಠ ಕೂಗಿದಾಗ ಅದೂ ಕೂಗಿತು. ನಿಧಾನಗತಿ, ಉಸಿರಿನ ವಾದ್ಯ ಎಂಬೀ ಎರಡು ಬೀಜಗಳು ಎರಡು ವರ್ಷಗಳ ಮೇಲೆ ಮೊಳೆತದ್ದನ್ನು ಕಂಡು ಅಚ್ಚರಿಪಡಲು ಕಾರಣವಿರಲಿಲ್ಲ.

೪

೧೯೭೯ರಲ್ಲಿ ಗಾಯಕಿ ತಂಡವನ್ನು ಬಿಟ್ಟರು. ಕೀರ್ತಿಯ ಒತ್ತಡ, ಬಿಡುವಿಲ್ಲದ ಪ್ರವಾಸ, ಕುಗ್ಗಿದ ಆರೋಗ್ಯ ಇದಕ್ಕೆ ಕಾರಣಗಳು. ಆಗ ವೈದ್ಯರು ಆಕೆಯ ವ್ಯಾಧಿಯನ್ನು ಸ್ಕಿಜೋಫ್ರೇನಿಯಾ ಎಂದು ತಪ್ಪಾಗಿ ನಿರ್ಣಯಿಸಿದರು. ಅದು ಬೈಪೋಲಾರ್ ಎಂಬ ಮನೋವ್ಯಾಧಿಯೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ೧೯೮೩ರಲ್ಲಿ ಆಕೆ ಹರೇ ಕೃಷ್ಣ ಪಂಥವನ್ನು ಸೇರಿದರು. ಜಾರ್ಜ್ ಹ್ಯಾರಿಸನ್ ೧೯೭೩ರಲ್ಲಿ ಆ ಪಂಥಕ್ಕೆ ದಾನಮಾಡಿದ ಭಕ್ತಿವೇದಾಂತ ಮ್ಯಾನರ್‌ನಲ್ಲಿ ಕೆಲವು ಕಾಲ ವಾಸವಾಗಿದ್ದರು. ಈ ವಿವರಗಳನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ‘ಟ್ರಾನ್ಸ್‌ಲ್ಯೂಸೆನ್ಸ್’ ಆಲ್ಬಂನ ಶಾಂತಿಯನ್ನು ವ್ಯಾಧಿಯ ಲಕ್ಷಣವೆಂದೊ, ಮುಂದಿನ ಭಕ್ತಿಯ ಮುನ್ನುಡಿಯೆಂದೊ ಓದುವುದು ಸುಲಭ. ಎರಡೂ ಜೀವನಚರಿತ್ರೆಯನ್ನು ಕೃತಿಯ ಮೇಲೆ ಹೇರುವ ಕ್ರಮಗಳು. ಮೂರು ವರ್ಷಗಳ ಮೇಲೆ ನಡೆದುದನ್ನು ಹಿಂದಕ್ಕೆ ಒಯ್ದು ಅರ್ಥಮಾಡುವುದು ಅಭ್ಯಾಸಿಗಳಿಗೆ ತಕ್ಕ ಮಾರ್ಗವಲ್ಲ. ಕೃತಿ ತಾನೇ ಏನು ಹೇಳುತ್ತದೆಂಬುದನ್ನು ಮೊದಲು ಕೇಳಬೇಕು.

ಆಲ್ಬಂನಲ್ಲಿ ಹನ್ನೆರಡು ಹಾಡುಗಳು. ಪ್ರತಿಯೊಂದು ಮುಖದಲ್ಲಿ ಆರು. ಕರ್ಕಶವಾದ ಗಿಟಾರು ಇಲ್ಲಿಲ್ಲ. ಅದರ ಸ್ಥಾನದಲ್ಲಿ ಕೊಳಲು, ಸ್ಯಾಕ್ಸಫೋನ್, ಹಗುರವಾದ ತಾಳವಾದ್ಯಗಳು, ಜಾಸ್ ಮತ್ತು ಕೆರಿಬಿಯನ್ ಲಯಗಳ ಛಾಯೆ. ಮೊದಲ ಮುಖವು ‘ಡ್ರೀಮಿಂಗ್’ ಎಂಬ ಹಾಡಿನಿಂದ ಆರಂಭವಾಗಿ ‘ಟಾಕ್ ಇನ್ ಟಾಯ್‌ಟೌನ್’, ‘ಸ್ಕೈಡೈವರ್’, ‘ಶೇಡ್ಸ್’ ಮೊದಲಾದ ಹಾಡುಗಳನ್ನು ಹಾದು ‘ಎಸೆನ್ಸ್’ ಎಂಬಲ್ಲಿ ನಿಲ್ಲುತ್ತದೆ: ಕನಸಿನಿಂದ ಸಾರಕ್ಕೆ. ಎರಡನೆಯ ಮುಖವು ನಗರದ ಸೊಗಸುಗಾರಿಕೆಯಿಂದಲೂ ಸೈಕಲ್ಲಿನ ಹಾಡಿನಿಂದಲೂ ತೊಡಗಿ, ಹೆಸರುಹಾಡನ್ನು ಹಾದು, ವಯಸ್ಸನ್ನು ಕುರಿತ ಹಾಡಿಗೂ ಕೊನೆಗೆ ‘ಗುಡ್‌ಬೈ’ ಎಂಬ ಬೀಳ್ಕೊಡುಗೆಗೂ ಸಾಗುತ್ತದೆ. ಈ ಕ್ರಮ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಒಂದು ಮುಖ ಒಳಗಣ ಪಯಣ, ಇನ್ನೊಂದು ಹೊರಗಣ ಪಯಣ. ಎರಡೂ ಒಂದು ಮೌನದಲ್ಲಿ ಕೊನೆಗೊಳ್ಳುತ್ತವೆ.

‘ಟ್ರಾನ್ಸ್‌ಲ್ಯೂಸೆನ್ಸ್’ ಎಂದರೆ ಅರೆಪಾರದರ್ಶಕತೆ. ಅಂತಹ ವಸ್ತುವಿನ ಮೂಲಕ ಬೆಳಕು ಬರುತ್ತದೆ; ಆಚೆಗಿನ ರೂಪ ಮಾತ್ರ ಸ್ಪಷ್ಟವಾಗಿ ಕಾಣುವುದಿಲ್ಲ. ಹಿಂದಿನ ಆಲ್ಬಂನ ಬಣ್ಣಗಳು ಕಣ್ಣು ಕುಕ್ಕುವ ಕೃತಕ ಬಣ್ಣಗಳು. ಪ್ಲಾಸ್ಟಿಕ್ ಲೋಕವನ್ನು ಬಯಲಿಗೆಳೆಯಲು ಅದರದೇ ಕೂಗುವ ಬಣ್ಣಗಳನ್ನು ಆಕೆ ಬಳಸಿದ್ದರು. ಈಗ ಕೇಳುತ್ತಿರುವುದು ಅದೇ ಪ್ರಶ್ನೆ: ನನ್ನ ಮೇಲೆ ಹೊದಿಸಿರುವ ಈ ಪದರಗಳ ಒಳಗೆ ನಾನು ಯಾರು? ಆದರೆ ಉತ್ತರವನ್ನು ಕೂಗಿ ಪಡೆಯಲಾಗದೆಂದು ಆಕೆಗೆ ಅರಿವಾಗಿದೆ. ಪದರವನ್ನು ಹರಿಯುವ ಬದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಟಿಕೆಗಳ ಊರು, ನಗರದ ಷೋಕಿ ಎಂಬ ವಸ್ತುಗಳು ಈ ಆಲ್ಬಂನಲ್ಲೂ ಉಳಿದಿರುವುದು ಈ ನಿರಂತರತೆಗೆ ಸಾಕ್ಷಿ. ಬದಲಾದದ್ದು ಧಾಟಿ; ವಸ್ತುವಲ್ಲ. ೧೯೮೦ರ ಇಂಗ್ಲೆಂಡಿನಲ್ಲಿ ಪಂಕ್ ತಾನೇ ಒಂದು ಸಿದ್ಧವೇಷವಾಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅಂತಹ ಹೊತ್ತಿನಲ್ಲಿ ಮೆಲುದನಿಯಲ್ಲಿ ಹಾಡುವುದೇ ಕೊಟ್ಟ ವೇಷವನ್ನು ಒಲ್ಲೆನೆಂಬ ನಡತೆ. ಆ ಅರ್ಥದಲ್ಲಿ ಈ ಆಲ್ಬಂ ಪಂಕ್‌ನ ಒಳಲಕ್ಷಣವನ್ನು ಬಿಟ್ಟುಕೊಟ್ಟಿಲ್ಲವೆಂದು ಹೇಳಬೇಕಾಗುತ್ತದೆ.

೫

ಹೀಗಿದ್ದೂ ಅದು ಕಿವಿಗೆ ಬೀಳಲಿಲ್ಲವೇಕೆ? ಅಭಿರುಚಿಯ ಜೊತೆಗೆ ವಸ್ತುಸ್ಥಿತಿಯನ್ನೂ ನೋಡಬೇಕು. ತಟ್ಟೆಯನ್ನು ಹೊರತಂದ ಯುನೈಟೆಡ್ ಆರ್ಟಿಸ್ಟ್ಸ್ ಧ್ವನಿಮುದ್ರಣ ಸಂಸ್ಥೆಯನ್ನು ಇ.ಎಂ.ಐ. ೧೯೭೯ರಲ್ಲಿ ಕೊಂಡುಕೊಂಡು, ಮರುವರ್ಷವೇ ಆ ಹೆಸರನ್ನು ಕೈಬಿಟ್ಟಿತು. ಹೆಸರೇ ಅಳಿಯುತ್ತಿದ್ದ ಸಂಸ್ಥೆಯ ತಟ್ಟೆಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಆಸರೆ ದೊರೆಯುವಂತಿರಲಿಲ್ಲ. ಇಂತಹ ಆಲ್ಬಂಗಳು ಮುಂದಿನ ಪೀಳಿಗೆಯ ಕೇಳುಗರನ್ನು ಮುಟ್ಟುವುದು ಬಹುಮಟ್ಟಿಗೆ ಹಳೆಯ ತಟ್ಟೆಗಳ ಅಂಗಡಿಯ ಪೆಟ್ಟಿಗೆಗಳ ಮೂಲಕ. ಪತ್ರಿಕೆಗಳ ವಿಮರ್ಶಕರಿಗೆ ಉಚಿತವಾಗಿ ಕಳುಹಿಸಿದ ಪ್ರತಿಗಳು ಇಂತಹ ಅಂಗಡಿಗಳಿಗೆ ಮಾರಾಟವಾಗುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ವಿಮರ್ಶಕ ಬೇಡವೆಂದು ಮಾರಿದ್ದೇ ಕೇಳುಗನಿಗೆ ದಾರಿಯಾಗುವುದು ವಿಚಿತ್ರವಾದರೂ ಸತ್ಯ.

ತಟ್ಟೆ ಎಂಬ ವಸ್ತುವಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಅರಗೇ ಮುಖ್ಯ ಅಂಟು. ಆ ಅರಗಿನ ದೊಡ್ಡ ಪಾಲು ಭಾರತದ ಕಾಡುಗಳಿಂದ ಹೋಗುತ್ತಿತ್ತು. ಅವು ಬಿದ್ದರೆ ಒಡೆಯುತ್ತಿದ್ದವು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ೩೩⅓ ಸುತ್ತಿನ ಹನ್ನೆರಡು ಅಂಗುಲದ ದೀರ್ಘವಾದನದ ತಟ್ಟೆಯನ್ನು ತಂದಿತು. ಇದರ ಮೈ ವಿನೈಲ್ ಎಂಬ ಪ್ಲಾಸ್ಟಿಕ್. ಒಂದೊಂದು ಮುಖ ಸುಮಾರು ಇಪ್ಪತ್ತು ನಿಮಿಷ ಹಾಡಬಲ್ಲುದು. ಅಮೆರಿಕದಲ್ಲಿ ಅನೇಕ ಚಿಕ್ಕ ತಟ್ಟೆಗಳನ್ನು ಪಾಲಿಸ್ಟೈರೀನ್‌ನಿಂದಲೇ ಅಚ್ಚುಹಾಕುತ್ತಿದ್ದರು. ಅವು ವಿನೈಲ್‌ಗಿಂತ ಬೇಗ ಸವೆಯುತ್ತವೆಂಬುದು ಸಂಗ್ರಾಹಕರೆಲ್ಲರ ಅನುಭವ. ಪ್ಲಾಸ್ಟಿಕ್ಕನ್ನು ಹಾಸ್ಯಮಾಡಿದ ಗಾಯಕಿಯ ಹೆಸರೂ ತಟ್ಟೆಗಳ ಮೈಯೂ ಹೀಗೆ ಒಂದೇ ಕುಲಕ್ಕೆ ಸೇರಿವೆ.

ಈ ತಟ್ಟೆಯ ತೋಡಿನಲ್ಲಿ ಮುಳ್ಳು ಹೊರಅಂಚಿನಿಂದ ಒಳಕ್ಕೆ ಚಲಿಸುತ್ತದೆ. ಸುತ್ತುಗಳ ವೇಗ ಒಂದೇ ಆದರೂ, ಮುಳ್ಳಿನ ಕೆಳಗೆ ಹಾಯುವ ತೋಡಿನ ವೇಗ ಹೊರಅಂಚಿನಲ್ಲಿ ಸೆಕೆಂಡಿಗೆ ಸುಮಾರು ೫೦ ಸೆಂಟಿಮೀಟರ್ ಇದ್ದರೆ, ಒಳಅಂಚಿನಲ್ಲಿ ಸುಮಾರು ೨೦ ಸೆಂಟಿಮೀಟರಿಗೆ ಇಳಿಯುತ್ತದೆ. ಆದ್ದರಿಂದ ಪ್ರತಿ ಮುಖದ ಕೊನೆಯ ಹಾಡಿನಲ್ಲಿ ಸ್ವರ ಒಡೆಯುವ ಅಪಾಯ ಹೆಚ್ಚು. ಸವೆದ ಪ್ರತಿಯಲ್ಲಂತೂ ಇದು ಎದ್ದು ಕೇಳುತ್ತದೆ. ಇನ್ನೊಂದು ಅಂಶ: ಗದ್ದಲದ ಹಾಡು ತನ್ನ ಗೀರುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಮೆಲುವಾದ ಹಾಡಿನಲ್ಲಿ ಒಂದೊಂದು ಗೀರೂ ಪಟಪಟನೆ ಸದ್ದುಮಾಡುತ್ತದೆ. ಎಕ್ಸ್-ರೇ ಸ್ಪೆಕ್ಸ್ ತಂಡದ ಸವೆದ ತಟ್ಟೆಯೊಂದು ಇಂದಿಗೂ ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಬಲ್ಲುದು. ಅಷ್ಟೇ ಸವೆದ ‘ಟ್ರಾನ್ಸ್‌ಲ್ಯೂಸೆನ್ಸ್’ ತಟ್ಟೆಯಲ್ಲಿ ಕೊಳಲಿಗಿಂತ ಮೊದಲು ಕರಕರ ಸದ್ದೇ ಕಿವಿಗೆ ಬೀಳುತ್ತದೆ.

ನಾವು ಮೊದಲು ಕೇಳಿದ ಪ್ರತಿ ಇಂತಹುದೇ. ‘ಗುಡ್‌ಬೈ’ ಹಾಡಿನಲ್ಲಿ ಕಂಠ ಬಿರುಸಾಗಿ ಒಡೆದಂತೆ ಕೇಳಿಸಿತು. ಅದನ್ನು ಗಾಯಕಿಯ ಆಯಾಸವೆಂದು ತಿಳಿದು, ಆಲ್ಬಂ ಕೊನೆಯಲ್ಲಿ ಸೊರಗುತ್ತದೆಂದು ನಾವು ಟಿಪ್ಪಣಿ ಮಾಡಿಕೊಂಡಿದ್ದೆವು. ಮುಂದೆ ಹೆಚ್ಚು ಶುದ್ಧವಾದ ಪ್ರತಿಯೊಂದು ದೊರೆತಾಗ ಆ ಬಿರುಕು ಅಲ್ಲಿರಲಿಲ್ಲ. ದೋಷ ತೋಡಿನದು, ಕಂಠದ್ದಲ್ಲ. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ತಪ್ಪನ್ನು ಕವಿಯ ತಲೆಗೆ ಕಟ್ಟಬಾರದೆಂಬುದು ಮೊದಲ ಪಾಠ. ಆ ಪಾಠವನ್ನು ಬಲ್ಲವರಾಗಿಯೂ ನಾವು ಇಲ್ಲಿ ಎಡವಿದೆವು. ಒಂದೇ ಪ್ರತಿಯನ್ನು ನಂಬಿ ತೀರ್ಪುಕೊಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನಮಗೆ ಬೇಕಾಗಿಲ್ಲ.

೬

ಸಂಗ್ರಾಹಕನ ವಿದ್ಯೆ ವಿಮರ್ಶೆಗೆ ಬೇಕಾಗುವುದು ಈ ಸ್ಥಳದಲ್ಲಿ. ಆತನು ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡುತ್ತಾನೆ. ಬೆರಳಿಗೆ ತಾಗುವ ಗೀರು ಯಾವುದು, ಬರಿಯ ಮೇಲ್ಮೈಯ ಮಸುಕು ಯಾವುದು ಎಂಬುದನ್ನು ಬೇರ್ಪಡಿಸುತ್ತಾನೆ. ನಡುವಣ ರಂಧ್ರದ ಸುತ್ತ ಕಡ್ಡಿ ತಡಕಾಡಿದ ಗುರುತುಗಳಿಂದ ತಟ್ಟೆ ಎಷ್ಟು ಸಲ ಯಂತ್ರವನ್ನೇರಿತೆಂಬುದನ್ನು ಊಹಿಸುತ್ತಾನೆ. ಹಾಡು ಮುಗಿದ ಮೇಲಣ ಬರಿದು ಭಾಗದಲ್ಲಿ ಕೊರೆದ ಅಂಕೆ ಅಕ್ಷರಗಳಿಂದ ಅದು ಯಾವ ಅಚ್ಚಿನದೆಂಬುದನ್ನು ಗುರುತಿಸುತ್ತಾನೆ. ಇದು ಹಸ್ತಪ್ರತಿಗಳ ವಿದ್ವಾಂಸನು ಮಾಡುವ ಕೆಲಸದ ಇನ್ನೊಂದು ರೂಪವೇ. ಒಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ಜನಮೆಚ್ಚಿದ ತಟ್ಟೆಯ ಪ್ರತಿಗಳು ಸಾವಿರ ಸಲ ಹಾಡಿ ಸವೆದಿರುತ್ತವೆ. ಜನ ಕಡೆಗಣಿಸಿದ ತಟ್ಟೆಯಲ್ಲಿ ಕೆಲವೊಮ್ಮೆ ಒಂದು ಗೀರೂ ಇರುವುದಿಲ್ಲ. ಅನಾದರವೇ ಅದನ್ನು ಕಾಪಾಡಿರುತ್ತದೆ.

ಆದರೆ ಸಂಗ್ರಾಹಕರೆಲ್ಲರೂ ಒಂದೇ ಬಗೆಯವರಲ್ಲ. ಎಕ್ಸ್-ರೇ ಸ್ಪೆಕ್ಸ್ ತಂಡದ ‘ದ ಡೇ ದ ವರ್ಲ್ಡ್ ಟರ್ನ್ಡ್ ಡೇ-ಗ್ಲೋ’ ೧೯೭೮ರಲ್ಲಿ ಕಿತ್ತಳೆ ಬಣ್ಣದ ತಟ್ಟೆಯಾಗಿಯೂ ಬಂದಿತು. ಕೃತಕ ಬಣ್ಣಗಳ ಲೋಕವನ್ನು ಕುರಿತ ಹಾಡು ಕೃತಕ ಬಣ್ಣದ ಮೈಯನ್ನೇ ತೊಟ್ಟಿತು. ವ್ಯಂಗ್ಯ ಅಲ್ಲಿ ಪೂರ್ಣವಾಗಿದೆ. ಅದನ್ನು ಬಣ್ಣಕ್ಕಾಗಿ ಮಾತ್ರ ಕೊಂಡು, ಮುಳ್ಳನ್ನು ಒಮ್ಮೆಯೂ ತಗುಲಿಸದೆ, ಬೆಲೆಯೇರಲೆಂದು ಕಾಯುವವನು ಆ ಹಾಡು ಯಾರನ್ನು ಕುರಿತು ನಕ್ಕಿತೋ ಅವನೇ ಆಗಿದ್ದಾನೆ. ಇಂದು ಈ ಬಗೆಯ ವ್ಯಾಪಾರ ಅಲ್ಪವಾದುದಲ್ಲ. ಅಮೆರಿಕದಲ್ಲಿ ೨೦೨೨ರಲ್ಲಿ ೪ ಕೋಟಿ ೧೦ ಲಕ್ಷ ಹೊಸ ವಿನೈಲ್ ಆಲ್ಬಂಗಳು ಮಾರಾಟವಾದವು, ಸಿ.ಡಿ.ಗಳು ೩ ಕೋಟಿ ೩೦ ಲಕ್ಷ. ೧೯೮೭ರಿಂದೀಚೆಗೆ ಸಂಖ್ಯೆಯಲ್ಲಿ ವಿನೈಲ್ ಮೇಲುಗೈ ಪಡೆದುದು ಅದೇ ಮೊದಲು. ಹಳೆಯ ತಟ್ಟೆಗಳ ಬೆಲೆಯೂ ಇದರೊಡನೆ ಏರುವುದು ಸಹಜ. ಬೆಲೆ ಏರಿದಾಗ ಬಡ ವಿದ್ಯಾರ್ಥಿಯ ಕೈಗೆ ತಟ್ಟೆ ಎಟುಕುವುದಿಲ್ಲ; ಕೊಂಡವನು ಅದನ್ನು ಕೇಳುವುದೂ ಇಲ್ಲ. ಹೀಗೆ ಅನಾದರದಿಂದ ಉಳಿದ ಕೃತಿ ಅತ್ಯಾದರದಿಂದ ಮತ್ತೊಮ್ಮೆ ಮೂಕವಾಗುವ ಸಂಭವವಿದೆ.

ಹಾಡುಗಳನ್ನು ಈಗ ತಟ್ಟೆಯಿಲ್ಲದೆಯೂ ಕೇಳಬಹುದಲ್ಲ, ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಹಾಡನ್ನು ಬಿಡಿಯಾಗಿ ಕೇಳಲು ತಟ್ಟೆ ಬೇಕಿಲ್ಲ ನಿಜ. ಆದರೆ ಹಿಂದೆ ಹೇಳಿದ ಆರಾರು ಹಾಡುಗಳ ಎರಡು ಪಯಣಗಳು, ‘ಎಸೆನ್ಸ್’ ಮುಗಿದ ಮೇಲೆ ಎದ್ದು ಹೋಗಿ ಮುಖವನ್ನು ತಿರುಗಿಸಬೇಕಾದ ಆ ಬಿಡುವು, ಇವು ಕೃತಿಯ ರಚನೆಗೆ ಸೇರಿದವು. ಈ ಬಿಡುವು ತಟ್ಟೆಯಲ್ಲಲ್ಲದೆ ಬೇರೆಡೆ ಅನುಭವಕ್ಕೆ ಬರುವುದಿಲ್ಲ.

೭

ಈ ಆಲ್ಬಂ ನಿರ್ದುಷ್ಟವೆಂದು ನಾವು ಹೇಳುತ್ತಿಲ್ಲ. ಹಾಡುಗಳ ಗತಿಯಲ್ಲಿ ವೈವಿಧ್ಯ ಸಾಲದು; ವಾದ್ಯಮೇಳದ ನುಣುಪು ಒಮ್ಮೊಮ್ಮೆ ಕಂಠದ ಮೊನೆಯನ್ನು ಮುಚ್ಚುತ್ತದೆ; ಹಿಂದಿನ ಆಲ್ಬಂನ ಮಿಂಚುವ ಹಾಸ್ಯ ಇಲ್ಲಿ ವಿರಳ. ಎರಡನ್ನು ತೂಗಿದರೆ ‘ಜರ್ಮ್‌ಫ್ರೀ ಅಡೋಲೆಸೆಂಟ್ಸ್’ ಹೆಚ್ಚಿನ ಶಕ್ತಿಯ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಡಿಮೆ ಶಕ್ತಿಯದು ಎಂಬುದೂ ಸೋತು ಹಿಂದೆ ಸರಿದದ್ದು ಎಂಬುದೂ ಒಂದೇ ಮಾತಲ್ಲ. ಮೊದಲನೆಯದು ವಿಮರ್ಶೆ, ಎರಡನೆಯದು ಪೂರ್ವಗ್ರಹ.

ಪಾಲಿ ಸ್ಟೈರೀನ್ ಅವರು ೨೦೧೧ರ ಏಪ್ರಿಲ್ ೨೫ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಹಿಂದೆ ‘ಜನರೇಷನ್ ಇಂಡಿಗೊ’ ಎಂಬ ಆಕೆಯ ಕೊನೆಯ ಆಲ್ಬಂ ಬಂದಿತ್ತು. ಮಗಳು ಸೆಲೆಸ್ಟ್ ಬೆಲ್ ಅವರು ಜೋಯಿ ಹೌ ಅವರೊಡನೆ ೨೦೧೯ರಲ್ಲಿ ಒಂದು ಗ್ರಂಥವನ್ನೂ, ಪಾಲ್ ಸಿಂಗ್ ಅವರೊಡನೆ ೨೦೨೧ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೂ ತಾಯಿಯನ್ನು ಕುರಿತು ಹೊರತಂದರು. ಗಾಯಕಿಯ ಜೀವನ ಈಗ ಬಹಳ ಜನಕ್ಕೆ ತಿಳಿದಿದೆ. ೧೯೮೦ರ ಆಲ್ಬಂ ಮಾತ್ರ ಇನ್ನೂ ಆ ಜೀವನದ ಒಂದು ಅಡಿಟಿಪ್ಪಣಿಯಂತೆಯೇ ಉಳಿದಿದೆ. ಅದನ್ನು ಅಲ್ಲಿಂದ ಮೇಲೆತ್ತಬೇಕಾದರೆ ಮೊದಲು ಅದನ್ನು ಕೇಳಬೇಕು. ಕೇಳಬೇಕಾದರೆ ಒಳ್ಳೆಯ ಪ್ರತಿ ಸಿಗಬೇಕು. ಸಿಗಬೇಕಾದರೆ ಯಾರೋ ಒಬ್ಬರು ಅದನ್ನು ಬಿಸಾಡದೆ ಇಟ್ಟಿರಬೇಕು.

ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಇರುವ ಸ್ಥಾನದ ಒಂದು ಅಂಶವಾದರೂ ಧ್ವನಿಮುದ್ರಿಕೆಗಳಿಗೆ ದೊರೆತರೆ, ಇಂತಹ ಮರುಪರಿಶೀಲನೆ ಸಂಗ್ರಾಹಕರ ದಯೆಯನ್ನೇ ಕಾಯಬೇಕಾಗುವುದಿಲ್ಲ. ಅಲ್ಲಿಯವರೆಗೆ ಹಳೆಯ ತಟ್ಟೆಗಳ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತವನನ್ನು ಕಾಲಹರಣ ಮಾಡುವವನೆಂದು ನಾವು ಎಣಿಸದಿರೋಣ. ತಾನು ಕೊಂಡದ್ದನ್ನು ಆತನು ಕೇಳುವವನಾದರೆ, ನಾವು ಬರೆಯಲಿರುವ ವಿಮರ್ಶೆಯ ಮೊದಲ ಸಾಲು ಆತನ ಕೈಯಲ್ಲಿದೆ.